ಭುಜ ಕಂಡರೆ ಸಾಕು

ಗೌನಮ್ಮ ಮನುಷ್ಯರ ಮುಖ ನೋಡುವುದೇ ಇಲ್ಲ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಎದುರಿಗೆ ಸಿಕ್ಕವರ ಭುಜದ ಮೇಲೆ ಮೊದಲು ಅವಳ ಕಣ್ಣು ಹೋಗಿ ಕೂರುತ್ತದೆ. ಒಂದು ಭುಜದಿಂದ ಇನ್ನೊಂದಕ್ಕೆ ನಡೆದು, ಬೆನ್ನಿನ ಮೇಲೊಂದು ಸುತ್ತು ಹಾಕಿ, ಪುರುಸೊತ್ತಿದ್ದರೆ ಮಾತ್ರ ಮೂಗು ಬಾಯಿಯ ಕಡೆಗೆ ಬರುತ್ತದೆ. "ದೇವರೇ ಬಂದು ಬಾಗಿಲಲ್ಲಿ ನಿಂತ್ರೂ, 'ಬಲಗಡೆ ಸ್ವಲ್ಪ ಬಿಡಬೇಕು, ತಿರುಗಿ ನಿಂತ್ಕೋಪ್ಪಾ' ಅಂತಾಳೆ," ಎನ್ನುತ್ತಿದ್ದಳು ಪಕ್ಕದ ಇಸ್ತ್ರಿ ಅಂಗಡಿಯವಳು. "ಗಂಡ ಮುಖಕ್ಕೆ ಮಸಿ ಬಳ್ಕೊಂಡು ಕಳ್ಳನ ಹಾಗೆ ನುಗ್ಗಿದ್ರೂ ಬೆನ್ನು ನೋಡಿ ಬೈದು ಕೂರಿಸ್ತಾಳೆ," ಎಂದು ಮೂಲೆಮನೆಯವರು ಸೇರಿಸುತ್ತಿದ್ದರು. ಈ ಮಾತುಗಳು ಅವಳ ಕಿವಿಗೂ ಬೀಳುತ್ತಿದ್ದವು. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ, ಒಳಗೊಳಗೇ ಉಬ್ಬುತ್ತಿದ್ದಳು.

ಬೀದಿಯ ಆಚೆಗೆ ವಿಶ್ವವಿದ್ಯಾಲಯದ ದೊಡ್ಡ ಕಬ್ಬಿಣದ ಗೇಟು, ಈಚೆಗೆ ಅವಳ ಮನೆ. ಮನೆಯೂ ವಿಶ್ವವಿದ್ಯಾಲಯದ್ದೇ. ಗಂಡ ಅಲ್ಲಿನ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಸಿಕ್ಕಿದ್ದು. ಅವನು ನಿವೃತ್ತನಾದ ಮೇಲೂ, ಘಟಿಕೋತ್ಸವದ ಗೌನುಗಳ ಕೆಲಸ ಹೆಂಡತಿಯ ಕೈಯಲ್ಲಿರುವ ತನಕ ಇರಲಿ ಎಂದು ಬಿಟ್ಟಿದ್ದರು. ಕೆಳಗೆ ಹೊಲಿಗೆಯ ಕೋಣೆ, ಅದರ ಹಿಂದೆ ಅಡುಗೆಮನೆ, ಪಕ್ಕಕ್ಕೆ ಮಲಗುವ ಕೋಣೆ, ಮೇಲೆ ಬಟ್ಟೆ ಒಣಗಿಸುವ ತಾರಸಿ. ಹೊಲಿಗೆಯ ಕೋಣೆಯ ಉದ್ದಕ್ಕೂ ಕಟ್ಟಿದ ಕಂಬಿಗಳಲ್ಲಿ ಕಪ್ಪು ಗೌನುಗಳು ಒತ್ತೊತ್ತಾಗಿ ತೂಗುತ್ತಿದ್ದವು. ಹೊಸಬರು ಒಳಗೆ ಕಾಲಿಟ್ಟರೆ, ಯಾರೋ ಗುಂಪಾಗಿ ಬೆನ್ನು ಹಾಕಿ ನಿಂತಿದ್ದಾರೆ ಎಂದು ಒಂದು ಕ್ಷಣ ಬೆಚ್ಚುತ್ತಿದ್ದರು.

ಮದುವೆಯಾಗಿ ಬಂದಾಗ ಅವಳಿಗೆ ಗುಂಡಿಗೆ ಕಾಜಾ ಹಾಕುವುದೊಂದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಒಮ್ಮೆ ಗಂಡ ಬಸ್ಸಿನ ಸೀಟಿನಡಿ ಯಾರೋ ಮರೆತಿದ್ದ ಹರಿದ ಗೌನು ಹಿಡಿದುಕೊಂಡು ಬಂದ. "ಹೊಲಿದು ಕೊಡೇ, ವಾಪಸ್ ಕೊಡ್ತೀನಿ," ಎಂದ. ಅವಳು ಅದನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಮೊದಲಿಗಿಂತ ಚೆನ್ನಾಗಿ ಮಾಡಿಟ್ಟಳು. ಆ ಗೌನಿನ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಒಂದು ಗಂಟು, ಆಮೇಲೆ ಇಡೀ ವಿಶ್ವವಿದ್ಯಾಲಯವೇ ಬಂತು. ಗೌನು ಬಾಡಿಗೆಗೆ ಬಂದವರನ್ನು ಅಳತೆ ತೆಗೆದುಕೊಳ್ಳದೆ ಕಳಿಸಿದವಳಲ್ಲ ಅವಳು. ಭುಜಕ್ಕೆ ಸರಿಯಾಗಿ ಕೂತರೆ ಗೌನು, ಇಲ್ಲದಿದ್ದರೆ ಚೀಲ ಎನ್ನುವುದು ಅವಳ ಮಾತು. ಘಟಿಕೋತ್ಸವದ ದಿನ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಸಭಾಂಗಣದ ಹಿಂಬಾಗಿಲಲ್ಲಿ ನಿಲ್ಲುತ್ತಿದ್ದಳು. ವೇದಿಕೆಗೆ ಹೋಗುವವರ ಬೆನ್ನಷ್ಟೇ ಅವಳಿಗೆ ಕಾಣುತ್ತಿತ್ತು.

ಅವರಿಗೆ ಮಕ್ಕಳಿರಲಿಲ್ಲ. ಅದನ್ನು ಅವಳು ತಲೆಗೆ ಹಚ್ಚಿಕೊಂಡವಳೂ ಅಲ್ಲ. ಅತ್ತೆ ಅತ್ತೆ ಎಂದು ಬರುವ ಹುಡುಗ ಹುಡುಗಿಯರೇ ಮನೆ ತುಂಬ ಇದ್ದರು. ಅವರಲ್ಲಿ ಒಬ್ಬಳ ಎಡಭುಜ ಬಲಭುಜಕ್ಕಿಂತ ಇಳಿದಿತ್ತು. ಗೌನಮ್ಮ ಅವಳಿಗೆ ಓರೆ ಎಂದೇ ಹೆಸರಿಟ್ಟಿದ್ದಳು. ಚಿನ್ನದ ಪದಕ ತೆಗೆದುಕೊಳ್ಳುವ ದಿನ ಗೌನು ಜಾರುತ್ತದೆಂದು ಅಳುತ್ತಾ ಬಂದಿದ್ದಳು ಓರೆ. ಗೌನಮ್ಮ ಎಡಭುಜದ ಒಳಗೆ ಹತ್ತಿಯ ಪದರವೊಂದನ್ನು ಇಟ್ಟು ಹೊಲಿದು, "ಹೋಗು, ಈಗ ನಿನ್ನ ಮುಂದೆ ರಾಣಿಯೂ ಓರೆ," ಎಂದು ಬೆನ್ನು ತಟ್ಟಿ ಕಳಿಸಿದ್ದಳು. ಅಂದಿನಿಂದ ಆ ಹುಡುಗಿ ಮನೆಯವಳೇ ಆಗಿಬಿಟ್ಟಳು. ಚರಿತ್ರೆಯ ಎಂ.ಎ.ಗೆ ಸೇರಿದ ಮೇಲಂತೂ ಸಂಜೆಯಾದರೆ ಇಲ್ಲೇ ಪುಸ್ತಕ, ಇಲ್ಲೇ ಊಟ.

ಹೀಗಿರುವಾಗ ಹಳೆಯ ಪರೀಕ್ಷಾ ಕಟ್ಟಡದ ಚಾವಣಿ ಕುಸಿಯಿತು. ಪರೀಕ್ಷೆ ಬರೆಯುತ್ತಿದ್ದ ಹುಡುಗನೊಬ್ಬ ಕೂತಲ್ಲೇ ಹೋದ. ಬಿರುಕು ಬಿಟ್ಟಿದೆ ಎಂದು ಮೊದಲೇ ಹೇಳಿದ್ದೆವು ಎಂದರು ವಿದ್ಯಾರ್ಥಿಗಳು; ನಮಗೆ ಯಾರೂ ಹೇಳಿಲ್ಲ ಎಂದರು ಆಫೀಸಿನವರು. ಮಕ್ಕಳು ಗೇಟಿನ ಮುಂದೆ ಕೂತರು. ಗೇಟಿನಲ್ಲಿ ಕಂಡವರ ಹೆಸರು ವಿಶ್ವವಿದ್ಯಾಲಯದಿಂದಲೇ ತೆಗೆದುಹಾಕುತ್ತೇವೆ ಎಂದು ಆಫೀಸಿನಿಂದ ಆಜ್ಞೆ ಬಂತು. ಮರುದಿನ ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೂತರು, ಬರಿಯ ಕಣ್ಣು ಕಾಣುವ ಹಾಗೆ.

ಮುಖ ಮುಚ್ಚಿದ್ದೇ ತಡ, ಟೀವಿಯವರು ಮುತ್ತಿಕೊಂಡರು. ತಲೆಯ ಮೇಲೆ ದೊಡ್ಡ ತಟ್ಟೆ ಹೊತ್ತ ವ್ಯಾನುಗಳು ಬೀದಿಯುದ್ದಕ್ಕೂ ನಿಂತವು. ವರದಿಗಾರ್ತಿಯೊಬ್ಬಳು ಗೌನಮ್ಮನ ಬಾಗಿಲಿಗೆ ಬಂದು, "ಅಮ್ಮಾ, ನಿಮ್ಮ ತಾರಸಿ ಮೇಲೊಂದು ಚೂರು ಜಾಗ ಕೊಡ್ತೀರಾ? ಕೆಳಗೆ ಬರೀ ತಲೆಗಳೇ ಕಾಣ್ತವೆ," ಎಂದಳು. ಮನೆಗೆ ಬಂದವರಿಗೆ ಇಲ್ಲ ಎಂದು ಗೊತ್ತಿಲ್ಲದ ಹೆಂಗಸು ಗೌನಮ್ಮ. ಒಣಗಿದ್ದ ಬಟ್ಟೆ ತೆಗೆದು, ತಾರಸಿ ಗುಡಿಸಿ, ಕೂರಲು ಸ್ಟೂಲು ಹಾಕಿಕೊಟ್ಟಳು.

ಗಂಡನಿಗೆ ಇದು ಹೊಸ ಆಟವಾಯಿತು. ಕಿಟಕಿಗೆ ಬೆನ್ನು ಹಾಕಿ ಟೀವಿಯಲ್ಲಿ ಗೇಟು ನೋಡುತ್ತ ಕೂತ.

"ರೀ, ತಲೆ ತಿರುಗಿಸಿದ್ರೆ ಅದೇ ಗೇಟು ಕಾಣುತ್ತಲ್ರೀ."

"ಇದ್ರಲ್ಲಿ ಸ್ವಚ್ಛವಾಗಿ ಕಾಣುತ್ತೆ ಕಣೇ. ಸಂಗೀತಾನೂ ಬರುತ್ತೆ."

ಆ ಮಧ್ಯಾಹ್ನ ಅವಳು ಮೇಲಿನವರಿಗೆ ಚಹಾ ಒಯ್ದಳು. ಕ್ಯಾಮೆರಾದವನು ಒಳ್ಳೆಯ ಮನುಷ್ಯ. "ಬನ್ನಿ ಅಮ್ಮಾ, ನೋಡಿ ನಿಮ್ಮ ಮನೆಯಿಂದ ಎಷ್ಟು ಹತ್ರ ಕಾಣುತ್ತೆ," ಎಂದು ಸಣ್ಣ ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ಗೇಟಿನ ಮುಂದೆ ಕೂತವರು ಕೈಗೆ ಸಿಗುವಷ್ಟು ಹತ್ತಿರ ಬಂದರು. ಮುಖಗಳೆಲ್ಲ ಮುಚ್ಚಿದ್ದವು. ಭುಜಗಳೆಲ್ಲ ತೆರೆದಿದ್ದವು.

"ಅಯ್ಯೋ ನೋಡ್ರಪ್ಪಾ! ಇವಳು ನಮ್ಮ ಓರೆ!" ಎಂದು ಅವಳು ಪರದೆಗೆ ಬೆರಳಿಟ್ಟಳು.

"ಯಾರಮ್ಮಾ?" ಎಂದಳು ವರದಿಗಾರ್ತಿ.

"ಅದೇ ಮುಂದೆ ನಿಂತು ಕೂಗ್ತಿರೋಳು. ಚರಿತ್ರೆ ಎಂ.ಎ. ಹೋದ ಸಲ ಚಿನ್ನದ ಪದಕ ತಗೊಂಡ್ಲಲ್ಲ, ಅವಳೇ. ಎಡಭುಜ ನೋಡಿ, ಆ ಇಳಿತ ಇನ್ಯಾರಿಗೂ ಇಲ್ಲ. ಮುಖಕ್ಕೆ ಕಂಬಳಿ ಸುತ್ಕೊಂಡ್ರೂ ನನ್ ಹತ್ರ ನಡೆಯಲ್ಲ!"

ನಗುತ್ತ ನಗುತ್ತ ಹೇಳಿದಳು, ಮನೆಗೆ ಬಂದವರಿಗೆ ಮಕ್ಕಳ ಫೋಟೋ ತೋರಿಸುವ ತಾಯಿಯ ಹಾಗೆ. ವರದಿಗಾರ್ತಿಯ ಕೊರಳಪಟ್ಟಿಯಲ್ಲಿ ಸಿಕ್ಕಿಸಿದ್ದ ಪುಟ್ಟ ಮೈಕು ಅವಳ ಕಣ್ಣಿಗೆ ಬೀಳಲಿಲ್ಲ. ಕೆಳಗಿನಿಂದ ಗಂಡ ಸಂಭ್ರಮದಲ್ಲಿ ಕೂಗಿದ: "ಏ, ಬೇಗ ಬಾರೇ! ನಿನ್ನ ದನಿ ಟೀವೀಲಿ ಬರ್ತಿದೆ!"

ಮುಖ ಯಾಕೆ ಮುಚ್ಚಿಕೊಂಡಿದ್ದಾರೆ ಎಂಬುದು ಅವಳಿಗೆ ತಿಳಿಯದ ವಿಷಯವಾಗಿರಲಿಲ್ಲ. ಆದರೆ ಭುಜದಿಂದ ಗುರುತು ಹಿಡಿಯುವುದು ಅವಳ ಮನೆಯೊಳಗಿನ ತಮಾಷೆಯಾಗಿತ್ತು, ಹೊರಗಿನವರ ಕೈಗೆ ಸಿಕ್ಕರೆ ಅದೇ ಸಾಕ್ಷಿಯಾಗುತ್ತದೆ ಎಂದು ಅವಳ ತಲೆಗೆ ಹೊಳೆಯಲೇ ಇಲ್ಲ. ಕೂದಲು ಸರಿಮಾಡಿಕೊಳ್ಳುತ್ತ ಮೆಟ್ಟಿಲಿಳಿದಳು. ಟೀವಿಯಲ್ಲಿ ಓರೆಯ ಭುಜದ ಸುತ್ತ ಕೆಂಪು ಬಳೆಯೊಂದನ್ನು ಎಳೆದಿದ್ದರು. ಅದರ ಕೆಳಗೆ 'ಮುಸುಕಿನ ಹಿಂದಿನ ಸೂತ್ರಧಾರಿ' ಎಂದು ಅಕ್ಷರಗಳು ಓಡುತ್ತಿದ್ದವು, ಹಿನ್ನೆಲೆಯಲ್ಲಿ ಅವಳದೇ ನಗು.

ಸಂಜೆಯ ಹೊತ್ತಿಗೆ ಓರೆಯನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು. ಅವಳು ಒಂದು ಚೀಲ ಹಿಡಿದುಕೊಂಡು ಗೌನಮ್ಮನ ಬಾಗಿಲಿಗೆ ಬಂದಳು, ಒಳಗೆ ಬರಲಿಲ್ಲ.

"ಅತ್ತೇ, ನನ್ನ ಭುಜ ಚೆನ್ನಾಗಿ ಕಾಣ್ತಿತ್ತಾ?"

ಗೌನಮ್ಮ ಚೀಲ ತೆಗೆದುಕೊಳ್ಳಲು ಕೈ ಚಾಚಿದಳು.

"ವಿಚಾರಣೆ ಇದೆ. ಅವರ ಹತ್ರ ನಿಮ್ಮ ಮಾತು ಬಿಟ್ಟು ಇನ್ನೇನೂ ಇಲ್ವಂತೆ. ಅದೊಂದನ್ನ ಸಾಕ್ಷಿ ಅಂತ ಒಪ್ಪಿದ್ರೆ ನನ್ನ ಓದು ಮುಗೀತು," ಎಂದಳು ಹುಡುಗಿ. "ಅಮ್ಮಂಗೆ ಇನ್ನೂ ಹೇಳಿಲ್ಲ."

"ಒಳಗೆ ಬಾ ಮಗಳೇ..."

"ಬೇಡ ಅತ್ತೇ. ಮೇಲೆ ಅವರಿದಾರಲ್ಲ." ಅವಳು ತಾರಸಿಯತ್ತ ಕಣ್ಣು ಹಾಯಿಸಿ, ಗೋಡೆಯ ಪಕ್ಕಕ್ಕೇ ಅಂಟಿಕೊಂಡು ಹೊರಟುಹೋದಳು.

ಬೆಳಗಾಗಿ ಗೌನಮ್ಮ ಬಾಗಿಲು ತೆರೆದರೆ, ಗೇಟಿನ ಮುಂದೆ ಕೂತವರೆಲ್ಲ ಹೆಗಲ ಮೇಲೆ ಹಾಸಿಗೆಯ ಹೊದಿಕೆ ಹೊದ್ದಿದ್ದರು. ಯಾರ ಭುಜ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ತಿಳಿಯದ ಹಾಗೆ. ಅವಳು ಹೊರಗೆ ಬಂದದ್ದೇ, ಆ ಹೊದಿಕೆಗಳು ಇನ್ನಷ್ಟು ಬಿಗಿಯಾದವು.

"ಈ ವಾರ ನನಗೆ ಇಸ್ತ್ರಿಗೆ ಬೆಡ್‌ಶೀಟ್ ಬರಲ್ಲ ಬಿಡು," ಎಂದಳು ಪಕ್ಕದವಳು, ತಲೆ ಎತ್ತದೆ. "ಎಲ್ಲಾ ನಿನ್ನ ಕಣ್ಣಿಗೆ ಹೆದರಿ ಅಲ್ಲಿ ಕೂತಿವೆ."

ಗೌನಮ್ಮ ದಡದಡನೆ ತಾರಸಿಗೆ ಹತ್ತಿದಳು. "ಇಳೀರಿ, ಎಲ್ಲಾ ಇಳೀರಿ ಕೆಳಗೆ. ನನ್ನ ಮನೆ ಇದು."

ವರದಿಗಾರ್ತಿ ಮೆಲ್ಲಗೆ ನಕ್ಕಳು. "ಆಫೀಸಿನವರೇ ಒಪ್ಪಿಗೆ ಕೊಟ್ಟಿದಾರಮ್ಮಾ. ಮನೆ ಅವರದ್ದೇ ಅಲ್ವಾ?"

ಅಲ್ಲಿಂದ ಮುಂದೆ ತಲೆಯ ಮೇಲೆ ಹೆಜ್ಜೆಗಳು ನಿಲ್ಲಲಿಲ್ಲ. ಅಡುಗೆ ಮಾಡುವಾಗ, ಸೂಜಿಗೆ ದಾರ ಪೋಣಿಸುವಾಗ, ಮೇಲೆ ಯಾರೋ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಇದ್ದರು. ತಾರಸಿಯ ಹೊರಮೆಟ್ಟಿಲಲ್ಲಿ ಈಗ ಟೀವಿಯವರಲ್ಲದ ಕೆಲವರೂ ಹತ್ತಿ ಇಳಿಯುತ್ತಿದ್ದರು. ಅವರು ಚಹಾ ಬೇಡ ಎನ್ನುತ್ತಿದ್ದರು.

ಎರಡು ದಿನ ಬಿಟ್ಟು ಆಫೀಸಿನಿಂದ ಒಬ್ಬರು ಬಂದರು. ಬಹಳ ಮೆಲುದನಿಯ ಮನುಷ್ಯ. ಹೊಲಿಗೆಯ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಿಟ್ಟು, ಹೊದಿಕೆ ಬರುವ ಮೊದಲಿನ ಚಿತ್ರಗಳನ್ನು ಓಡಿಸಿದರು. ಅವಳು ಬೇಡ ಬೇಡವೆಂದರೂ ಕಣ್ಣು ಹೋಯಿತು. ಗೂನು ಬೆನ್ನಿನವನು, ಅಗಲ ಹೆಗಲಿನ ಅಕ್ಕ, ಅವಳ ಪಕ್ಕ ಕೋಲಿನ ಹಾಗಿರುವ ತಮ್ಮ. ಒಬ್ಬೊಬ್ಬರ ಹೆಸರೂ ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಅವಳು ಹೊಲಿಗೆಯಂತ್ರದ ಸೂಜಿಯನ್ನೇ ದಿಟ್ಟಿಸಿದಳು.

"ಮೂರ್ನಾಲ್ಕು ಜನ ಸಾಕು ಅಮ್ಮಾ. ವಿಚಾರಣೆ ಸಮಿತಿ ಮುಂದೆ ಬಂದು ಹೇಳಿಬಿಡಿ. ಆ ಹುಡುಗೀನ ಎಚ್ಚರಿಕೆ ಕೊಟ್ಟು ಬಿಟ್ಟುಬಿಡ್ತೀವಿ."

"ನಾನು ಅವತ್ತು ಹೇಳಿದ್ದೇ ಸುಳ್ಳು ಅಂದ್ರೆ?"

ಅವರು ಕಂಬಿಯಲ್ಲಿದ್ದ ಗೌನೊಂದರ ತೋಳನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಒಳ್ಳೇ ಬಟ್ಟೆ. ನಾಳೆ ಬೆಳಿಗ್ಗೆ ಕಾರು ತರ್ತೀನಿ. ಬರುವಾಗ ಮನೆ ಕೀಲಿ ಜೊತೇಲಿರಲಿ."

"ಕೀಲಿ ಯಾಕೆ ಸ್ವಾಮೀ?"

"ನೀವು ಹೇಳೋದನ್ನ ನೋಡ್ಕೊಂಡು, ವಾಪಸ್ ತಗೊಂಡು ಹೋಗ್ತೀರಿ, ಇಲ್ಲಾ ಅಲ್ಲೇ ಬಿಟ್ಟು ಹೋಗ್ತೀರಿ."

ಅವರು ಹೋದ ಮೇಲೆ ಗಂಡ ಟೀವಿ ಆರಿಸಿದ. ಅದು ಬಂದಾಗಿನಿಂದ ಹಗಲು ಹೊತ್ತಲ್ಲಿ ಆರಿದ್ದು ಅದೇ ಮೊದಲು.

"ಏನ್ ಮಾಡ್ತೀಯೇ?"

"ಜಂಬ ಕೊಚ್ಚಿಕೊಂಡೆ, ಯಾರೋ ಏನೋ, ಬಾಯಿಗೆ ಬಂದದ್ದು ಒದರಿದೆ ಅಂತೀನಿ."

"ಕೇಸು ಹಾಕ್ತಾರೆ. ಮನೇನೂ ಹೋಗುತ್ತೆ."

"ನಿಮ್ಮ ತಂಗಿ ಮನೇಲಿ ಒಂದು ಮೂಲೆ ಕೊಡಲ್ವಾ?"

"ಕೊಡ್ತಾಳೆ. ದಿನಾ ಎತ್ತಿ ಆಡ್ತಾಳೆ, ಅಷ್ಟೆ." ಅವನು ಕಿಟಕಿಯ ಹತ್ತಿರ ಹೋಗಿ ನಿಂತ. "ಆದ್ರೆ ಅವರು ಹಾಗೇ ನಂಬ್ತಾರೇನೇ? ಚಿತ್ರ ತೋರಿಸಿ ಇದ್ಯಾರು, ಅದ್ಯಾರು ಅಂತ ಕೇಳ್ತಾರೆ. ಬಾ ಇಲ್ಲಿ. ಆ ನೀರಿನ ಟ್ಯಾಂಕಿನ ಹತ್ರ ಹೊದಿಕೆ ಇಲ್ದೆ ಬೆನ್ನು ಹಾಕಿ ನಿಂತಿರೋನು ಯಾರು?"

"ಗೊತ್ತಿಲ್ಲ."

"ಆಗ್ಲಿಲ್ಲ. ಬಾಯಿ ಗೊತ್ತಿಲ್ಲ ಅನ್ನೋಕೆ ಮೊದ್ಲೇ ಹುಬ್ಬು ಗೊತ್ತಿದೆ ಅಂದುಬಿಡ್ತು. ಇನ್ನೊಂದ್ಸಲ. ಸೈಕಲ್ ಹಿಡಿದಿರೋಳು?"

"ಯಾರೋ."

"ತುಟಿ ಕಚ್ಚಬೇಡ."

ಹೀಗೆ ಆ ಇಳಿವಯಸ್ಸಿನ ಗಂಡ ಹೆಂಡತಿ ಕಿಟಕಿಯಲ್ಲಿ ನಿಂತು, ಗೊತ್ತಿರುವವರನ್ನು ಗೊತ್ತಿಲ್ಲದವರನ್ನಾಗಿ ಮಾಡಿಕೊಳ್ಳುವ ಪಾಠ ಶುರುಮಾಡಿದರು. ಬಸ್ಸು ಓಡಿಸಲು ಕಲಿಸುವ ಹಾಗೆ ಕಲಿಸಿದ ಅವನು, ರೇಗಿ, ಗದರಿಸಿ. ಮಧ್ಯೆ ಇಬ್ಬರಿಗೂ ನಗು ಬಂತು. ನಗು ನಿಂತಾಗ ಮೇಲೆ ಹೆಜ್ಜೆಗಳೂ ನಿಂತಿದ್ದವು, ಯಾರೋ ಕಿವಿಗೊಟ್ಟ ಹಾಗೆ. ಆಮೇಲೆ ಅವರು ಪಿಸುಗುಟ್ಟುತ್ತಲೇ ಮುಂದುವರಿಸಿದರು. ಬೆಳಕು ಆರುವ ತನಕ ಪ್ರಯತ್ನಿಸಿದರೂ ಅವಳ ಮುಖ ಒಮ್ಮೆ ಮಾತು ಕೇಳಿದರೆ ಇನ್ನೊಮ್ಮೆ ಕೇಳುತ್ತಿರಲಿಲ್ಲ. ಎಂದೂ ಬಟ್ಟೆಯನ್ನು ತಪ್ಪಾಗಿ ಕತ್ತರಿಸದ ಕೈಗೆ ಬೇಕೆಂದೇ ತಪ್ಪು ಕತ್ತರಿಸುವುದು ಕಷ್ಟವಾಗುವ ಹಾಗೆ, ಅವಳ ಕಣ್ಣಿಗೂ ಕಷ್ಟವಾಯಿತು.

ಬೆಳಿಗ್ಗೆ ಗಂಡ ಪಾತ್ರೆ, ಹಾಸಿಗೆ, ಹೊಲಿಗೆಯಂತ್ರಗಳನ್ನು ಕೈಗಾಡಿಗೆ ಹೇರಿಸಿ ತಂಗಿಯ ಮನೆಗೆ ಹೊರಟ. ಗೌನುಗಳನ್ನು ಮುಟ್ಟಲಿಲ್ಲ, ಅವು ವಿಶ್ವವಿದ್ಯಾಲಯದವು. "ಹುಬ್ಬು," ಎಂದಷ್ಟೇ ಅಂದು, ಹೆಂಡತಿಯ ಕೈ ಒತ್ತಿ, ಗಾಡಿಯ ಹಿಂದೆ ನಡೆದ.

ಸ್ವಲ್ಪ ಹೊತ್ತಿಗೆ ಕಾರು ಬಂತು. ಮೆಲುದನಿಯವರು ಕೆಳಗಿಳಿದು ಬಾಗಿಲಿಗೇ ಬಂದು ನಿಂತರು. ಗೌನಮ್ಮ ಬೀಗ ಹಾಕಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಳು. ಇಸ್ತ್ರಿ ಅಂಗಡಿಯವಳು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತು ನೋಡುತ್ತಿದ್ದಳು. ಮೇಲೆ ತಾರಸಿಯಂಚಿನಿಂದ ಕ್ಯಾಮೆರಾ ಬಾಗಿತ್ತು.

ಬೀದಿಯಾಚೆ ಗಾಳಿ ಬೀಸಿತು. ಗೇಟಿನ ಬಳಿ ಬೆನ್ನು ಹಾಕಿ ಕೂತಿದ್ದವನೊಬ್ಬನ ಹೊದಿಕೆ ಜಾರಿ ನೆಲಕ್ಕೆ ಬಿತ್ತು. ಅವನು ಅದನ್ನು ತಡಕಾಡಿ ಹೊದ್ದುಕೊಳ್ಳುವಷ್ಟರಲ್ಲಿ ಅವಳ ಕಣ್ಣು ಹೋಗಿ ಬಂದಾಗಿತ್ತು. ಬಲಭುಜದ ಮೂಳೆ ಎದ್ದು ಕಾಣುವ ಹುಡುಗ. ಅವನ ಗೌನಿನ ತೋಳನ್ನು ಎರಡು ಸಲ ಬಿಚ್ಚಿ ಹೊಲಿದಿದ್ದಳು.

ಅವಳು ತಿರುಗಿದಾಗ ಮೆಲುದನಿಯವರು ಗೇಟನ್ನು ನೋಡುತ್ತಿರಲಿಲ್ಲ. ಅವಳ ಮುಖವನ್ನು ನೋಡುತ್ತಿದ್ದರು.

"ಯಾರಮ್ಮಾ ಅದು?"

"ಯಾರೋ ಏನೋ ಸ್ವಾಮೀ," ಎಂದಳು ಗೌನಮ್ಮ. "ವಯಸ್ಸಾಯ್ತು, ಎಲ್ಲಾ ಒಂದೇ ಥರ ಕಾಣ್ತಾರೆ."

ಅವರು ಕಾರಿನ ಬಾಗಿಲು ತೆರೆದು ಹಿಡಿದರು. ಅವಳು ಬಗ್ಗಿ ಒಳಗೆ ಕೂತಳು. ಕೀಲಿ ಅವಳ ಜೊತೆ ವಾಪಸ್ ಬರಲಿಲ್ಲ; ಆ ಮನೆಯಿಂದ ಅವಳು ಹೊರಬಿದ್ದದ್ದು ಅದೇ ಕೊನೆ.