ಅಕ್ಕನಿಗೆ ಹೇಳದ ಬಾಗಿಲು

ನನಗೆ ಕಥೆ ಇರುವ ಸಿನಿಮಾ ಹಿಡಿಸುವುದಿಲ್ಲ. ಇದನ್ನು ನಮ್ಮ ಕುರುಬರಹಳ್ಳಿಯ ವಠಾರದಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಎಂದೂ ಬರಲಿಲ್ಲ. ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು, ರಾಜಾಜಿನಗರದ ಒಂದು ಶೆಡ್ಡಿನಲ್ಲಿ ಲೇತ್ ಓಡಿಸುವವನು, ಹಾಡಿಲ್ಲದ ಫೈಟಿಲ್ಲದ, ಒಬ್ಬ ಮುದುಕ ಕಾಲು ಗಂಟೆ ಕೊಡೆ ರಿಪೇರಿ ಮಾಡುವ ಸಿನಿಮಾಕ್ಕೆ ಎರಡು ಬಸ್ಸು ಬದಲಿಸಿ ಹೋಗುತ್ತಾನೆ ಎಂದರೆ ಜನ ಮೊದಲು ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುತ್ತಾರೆ.

ಈ ಚಟ ಹತ್ತಿಸಿದ್ದು ಲೇತೇ ಇರಬೇಕು. ಉಕ್ಕು ಕಡೆಯುವಾಗ ಸಿಪ್ಪೆ ಸುರುಳಿ ಸುರುಳಿಯಾಗಿ ಏಳುತ್ತದೆ. ಮೊದಲು ಬೆಳ್ಳಗಿರುತ್ತದೆ. ಬಿಸಿಯೇರಿದ ಹಾಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಕಂದಾಗಿ, ಕೊನೆಗೆ ನವಿಲಿನ ಕತ್ತಿನ ನೀಲಿಗೆ ಬರುತ್ತದೆ. ಆ ನೀಲಿ ನೋಡಿ ವೇಗ ತಗ್ಗಿಸಬೇಕು. ನಾನು ಎಷ್ಟೋ ಸಲ ತಗ್ಗಿಸದೆ ನೋಡುತ್ತಾ ನಿಂತು ಟೂಲ್ ಸುಟ್ಟು ಬೈಸಿಕೊಂಡಿದ್ದೇನೆ. ಇಂಥವನಿಗೆ ತೆರೆಯ ಮೇಲೆ ಯಾರು ಯಾರನ್ನು ಮದುವೆಯಾದರು ಎನ್ನುವುದಕ್ಕಿಂತ, ಅವರ ಹಿಂದಿನ ಗೋಡೆಯ ಮೇಲೆ ಬಿಸಿಲು ಎಷ್ಟು ದೂರ ಸರಿಯಿತು ಎನ್ನುವುದೇ ದೊಡ್ಡದಾಗಿ ಕಾಣುತ್ತಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಶೆಡ್ಡಿಗೆ ಡ್ರಾಯಿಂಗ್ ತಂದುಕೊಡುತ್ತಿದ್ದ ಮೂರ್ತಿ ಸಾರ್ ಒಂದು ಫಿಲ್ಮ್ ಸೊಸೈಟಿಯ ಸದಸ್ಯರು. ತಮಗೆ ಪುರುಸೊತ್ತಿಲ್ಲದ ದಿನ ಕಾರ್ಡನ್ನು ನನಗೆ ಕೊಡುತ್ತಿದ್ದರು. ಊರೊಳಗೆ ಹನ್ನೊಂದು ಮೆಟ್ಟಿಲು ಹತ್ತಿ ಹೋಗುವ ಒಂದು ಹಾಲಿನಲ್ಲಿ ಸೊಸೈಟಿಯ ಸಿನಿಮಾ. ಅಲ್ಲಿ ಎಲ್ಲರಿಗೂ ಗಡ್ಡ, ಎಲ್ಲರ ಹೆಗಲಲ್ಲೂ ಬಟ್ಟೆಯ ಚೀಲ. ಸಿನಿಮಾ ಮುಗಿದ ಮೇಲೆ ಇಂಗ್ಲಿಷಿನಲ್ಲಿ ವಾದ ಮಾಡುವರು. ನನಗೆ ಒಂದಕ್ಷರ ಅರ್ಥವಾಗದಿದ್ದರೂ ಬೇಕಾದ ಕಡೆ ತಲೆಯಾಡಿಸುವುದನ್ನು ಮಾತ್ರ ಬೇಗ ಕಲಿತೆ. ಗಡ್ಡವನ್ನೂ ಬಿಟ್ಟೆ. ಅಕ್ಕ ನೋಡಿ, "ಯಾಕೋ ಸೀನ, ಯಾರ್ ಹೋದ್ರು?" ಎಂದಳು.

ಅಕ್ಕ ಎಂದರೆ ನನ್ನ ಒಬ್ಬಳೇ ಅಕ್ಕ, ಕಮಲ. ಅಪ್ಪ ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಮಗುವಾಗಿದ್ದಾಗ ಪೋಲಿಯೊ ಬಂದು ಅವಳ ಎರಡು ಕಾಲೂ ಬಿದ್ದುಹೋಗಿದ್ದವು. ದಿನವಿಡೀ ಹೊಸಿಲ ಹತ್ತಿರ ಹಲಗೆ ಇಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಸುತ್ತ ವಠಾರದ ಹೆಂಗಸರೂ ಅದೇ ಕೆಲಸಕ್ಕೆ ಕೂರುತ್ತಿದ್ದರು. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರೇ ಸಿನಿಮಾ ನೋಡಿ ಬರಲಿ, ಆ ಹೊಸಿಲಲ್ಲಿ ಕೂತು, ಹೆಸರು ಬೀಳುವಲ್ಲಿಂದ ಹಿಡಿದು ಮಂಗಳದವರೆಗೆ ಕಥೆ ಹೇಳಬೇಕು. ಕೈ ಹೊಸೆಯುತ್ತಿರುವಾಗ ಕಿವಿಗೆ ಏನಾದರೂ ಬೇಕಲ್ಲ. ಥಿಯೇಟರಿನ ಮುಖವನ್ನೇ ಕಾಣದ ಅಕ್ಕ ಹೀಗೆ ನೂರಾರು ಸಿನಿಮಾ ಕೇಳಿದ್ದಳು.

ಮೊದಲ ಸಲ ಹಾಲಿನಿಂದ ಬಂದಾಗ ನಾನು ಪ್ರಾಮಾಣಿಕವಾಗಿಯೇ ಹೇಳಿದೆ, ಕಥೆ ಇಲ್ಲ ಎಂದು. "ಕಥೆ ಇಲ್ದೆ ಎರಡು ಗಂಟೆ ಏನೋ ನೋಡ್ದೆ?" ಎಂದು ಅಕ್ಕ ನಕ್ಕಳು. ಹೆಂಗಸರೂ ನಕ್ಕರು. ಮುಂದಿನ ಸಲದಿಂದ ನಾನೇ ಕಥೆ ಕಟ್ಟತೊಡಗಿದೆ. ಕೊಡೆ ರಿಪೇರಿಯ ಮುದುಕನಿಗೆ ಒಬ್ಬ ಮಗಳನ್ನು ಕೊಟ್ಟೆ. ಅವಳನ್ನು ದೂರದೂರಿಗೆ ಮದುವೆ ಮಾಡಿ ಕಳಿಸಿದೆ. ರಾಕ್ಷಸಿಯಂಥ ಅತ್ತೆಯನ್ನು ತಂದಿಟ್ಟೆ. ಕೊನೆಗೆ ಆ ಮುದುಕ ರಿಪೇರಿ ಮಾಡಿದ ಕೊಡೆಯ ಗುರುತು ಹಿಡಿದೇ ಅಪ್ಪ ಮಗಳನ್ನು ಒಂದುಮಾಡಿದೆ. ಅಕ್ಕ ಊದುಬತ್ತಿಯ ಕಪ್ಪು ಕೈಯನ್ನು ತಿರುಗಿಸಿ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ನನಗೆ ಒಳಗೊಳಗೇ ಹೆಮ್ಮೆ. ಅಕ್ಕನಿಗೆ ಬೇಕಾದದ್ದು ಇಷ್ಟೇ, ಮಿಕ್ಕಿದ್ದು ಅವಳಿಗೆ ತಿಳಿಯುವಂಥದ್ದಲ್ಲ ಎಂದುಕೊಂಡೆ. ಮೂರು ನಾಲ್ಕು ವರ್ಷ ಹಾಗೇ ಅಂದುಕೊಂಡಿದ್ದೆ.

ಆಮೇಲೆ ಮೂರನೇ ಮನೆಯ ಶಾಂತಮ್ಮನವರು ಟಿವಿ ತಂದರು. ಭಾನುವಾರ ನಾನು ಅಕ್ಕನನ್ನು ಉಪ್ಪುಮೂಟೆ ಹೊತ್ತು ಅಲ್ಲಿಗೆ ಬಿಡುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ ಬೇರೆ ಯಾವುದೋ ಭಾಷೆಯ ಪ್ರಶಸ್ತಿ ಸಿನಿಮಾ ಹಾಕಿದರು. ಮೊದಲ ದೃಶ್ಯಕ್ಕೇ ನನಗೆ ಗುರುತು ಸಿಕ್ಕಿತು. ಅದೇ ಪಡಸಾಲೆ, ಅದೇ ಮುದುಕ, ಅದೇ ಕೊಡೆ.

"ಇದು ಬೋರು ಅಕ್ಕ, ನಡಿ ಹೋಗೋಣ," ಎಂದೆ.

"ಇರೋ," ಎಂದಳು.

ಹತ್ತು ನಿಮಿಷಕ್ಕೆ ಮಕ್ಕಳು ಎದ್ದು ಹೋದರು. ಅರ್ಧ ಗಂಟೆಗೆ ಹೆಂಗಸರೂ ಎದ್ದರು. ಶಾಂತಮ್ಮನವರು ಕೂತಲ್ಲೇ ಗೊರಕೆ ಹೊಡೆದರು. ಅಕ್ಕ ಕದಲಲಿಲ್ಲ. ಆ ಸಿನಿಮಾದಲ್ಲಿ ಒಂದು ಬಾಗಿಲಿದೆ. ಮುದುಕ ಎದ್ದು ಹೋದ ಮೇಲೆ ಗಾಳಿಗೆ ತಾನಾಗಿ ತೆರೆದುಕೊಳ್ಳುತ್ತದೆ, ಬಿಸಿಲು ನೆಲದ ಮೇಲೆ ಹಾಸಿಕೊಳ್ಳುತ್ತದೆ. ಮತ್ತೆ ಮುಚ್ಚಿಕೊಳ್ಳುತ್ತದೆ. ಯಾರೂ ಬರುವುದಿಲ್ಲ. ಅಷ್ಟೇ. ಹಾಲಿನಲ್ಲಿ ಅದನ್ನು ನೋಡುವಾಗ ನನ್ನ ಮೈ ಜುಂ ಎಂದಿತ್ತು.

ಮನೆಗೆ ಹೊತ್ತುಕೊಂಡು ಬರುವಾಗ ಸುಳ್ಳಿಗೆ ಬೈಗುಳ ಬರುತ್ತದೆ ಎಂದು ಕಾದೆ. ಬೆನ್ನ ಮೇಲಿಂದ ಅಕ್ಕ ಮೆಲ್ಲಗೆ ಕೇಳಿದಳು, "ಆ ಮಗಳು, ಅತ್ತೆ ಎಲ್ಲಾ ಇಲ್ದಿದ್ರೆ ಇರ್ಲಿ ಬಿಡು. ಆ ಬಾಗಿಲನ್ನ ಯಾಕೋ ನನಗೆ ಹೇಳ್ಲಿಲ್ಲ?"

ಬಾಗಿಲ ಹತ್ತಿರವೇ ಕೂತು ದಿನವಿಡೀ ನೆಲದ ಮೇಲಿನ ಬಿಸಿಲು ಸರಿಯುವುದನ್ನು ನೋಡಿದವಳು ಅವಳು. ನನಗಿಂತ ಹೆಚ್ಚು ಅವಳಿಗೇ ಸೇರಿದ ಸಿನಿಮಾ ಅದು. ನಾನು ಅದನ್ನು ಬಚ್ಚಿಟ್ಟುಕೊಂಡು ಅವಳಿಗೆ ಅತ್ತೆ ಸೊಸೆ ಜಗಳ ಕೊಟ್ಟಿದ್ದೆ.

ಅಂದಿನಿಂದ ಅವಳು ಕಥೆ ಕೇಳಲಿಲ್ಲ. "ಕಂಡಿದ್ದು ಹೇಳು," ಎನ್ನುವಳು. ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಗೋಡೆಗೆ ಸುಣ್ಣ ಹೊಸದೋ ಹಳೆಯದೋ, ಆ ಹೆಂಗಸು ತಿರುಗಿ ನೋಡುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದಳು, ಎಲ್ಲ ಬೇಕು. ಅವಳಿಗೆ ಉತ್ತರ ಹೇಳಬೇಕಲ್ಲ ಎಂಬ ಭಯಕ್ಕೇ ನಾನು ನೆಟ್ಟಗೆ ನೋಡುವುದನ್ನು ಕಲಿತದ್ದು. ಒಂದು ದಿನ ಹಲಗೆಯಿಂದ ತಲೆಯೆತ್ತದೆ ಕೇಳಿದಳು, "ನನ್ನನ್ನೂ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?"

"ಹನ್ನೊಂದು ಮೆಟ್ಟಿಲಿದೆ ಅಕ್ಕ," ಎಂದೆ.

ಅವಳು ಮತ್ತೆ ಕೇಳಲಿಲ್ಲ. ಮೆಟ್ಟಿಲು ಹನ್ನೊಂದು ಇದ್ದದ್ದು ನಿಜ. ಅವಳನ್ನು ವಠಾರದಲ್ಲೆಲ್ಲ ಹೊತ್ತು ತಿರುಗುವ ನನ್ನ ಬೆನ್ನಿಗೆ ಅದು ಯಾವ ಲೆಕ್ಕ? ಆ ಗಡ್ಡದವರ ಎದುರು, ಚೀಲದವರ ಎದುರು, ಕಪ್ಪು ಕೈಯ, ನಡೆಯಲಾರದ ಅಕ್ಕನನ್ನು ಉಪ್ಪುಮೂಟೆ ಹೊತ್ತು ಹೋಗಲು ನನಗೆ ನಾಚಿಕೆಯಾಗಿತ್ತು. ಅದೇ ಹಾಲಿನಲ್ಲಿ ತೆರೆಯ ಮೇಲೆ ಒಬ್ಬ ಕುಂಟ ತೆವಳುವುದನ್ನು ಕಂಡು ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬ. ಈ ಮಾತನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡೆ. ಮೂರನೇ ವರ್ಷದ ಮಳೆಗಾಲದಲ್ಲಿ ಅಕ್ಕನಿಗೆ ಕಾಮಾಲೆಯಾಯಿತು. ಹದಿನೈದು ದಿನದಲ್ಲಿ ಹೋಗಿಬಿಟ್ಟಳು. ಕೊನೆಯ ಸಲವೂ ಅವಳನ್ನು ಮನೆಯಿಂದ ಆಚೆಗೆ ಎತ್ತಿಕೊಂಡು ಬಂದವನು ನಾನೇ. ಆಗ ನಾಚಿಕೆಯಾಗಲಿಲ್ಲ. ಗಡ್ಡವನ್ನೂ ಬೋಳಿಸಿದೆ. ಅದಕ್ಕೆ ಕಾರಣ ಕೇಳುವವಳೇ ಇರಲಿಲ್ಲ.

ಈಗಲೂ ಆ ಹಾಲಿಗೆ ಹೋಗುತ್ತೇನೆ. ಮೆಟ್ಟಿಲು ಎಣಿಸದೆ ಹತ್ತಲು ಬರುವುದಿಲ್ಲ. ದೀಪ ಆರಿದ ಮೇಲೆ ನನಗೇ ತಿಳಿಯದ ಹಾಗೆ ತುಟಿ ಅಲ್ಲಾಡುತ್ತದೆ. ಮೊನ್ನೆ ತೆರೆಯ ಮೇಲೆ ಖಾಲಿ ಕೋಣೆಯೊಂದು ಬಂದಾಗ, ಬೆಳಕು ಎಡಗಡೆಯ ಕಿಟಕಿಯಿಂದ ಬರ್ತಾ ಇದೆ, ಗೋಡೆಗೆ ಹಳೇ ಸುಣ್ಣ ಎಂದು ಪಿಸುಗುಟ್ಟುತ್ತಿದ್ದೆ. ಮುಂದಿನ ಸಾಲಿನವರು ತಿರುಗಿ, "ಕಥೆ ಆಮೇಲೆ ಹೇಳ್ಕೊಳ್ಳಿ ಸಾರ್," ಎಂದರು.

ಕ್ಷಮೆ ಕೇಳಿದೆ. ನಾನು ಹೇಳುತ್ತಿದ್ದದ್ದು ಕಥೆಯಲ್ಲ ಎನ್ನಬೇಕೆನಿಸಿತು. ಆದರೆ ಅಷ್ಟರಲ್ಲಿ ಕೋಣೆಯ ಬಿಸಿಲು ಒಂದು ಗೇಣು ಸರಿದಿತ್ತು. ಅಕ್ಕನಿಗೆ ಮೊದಲು ಅದನ್ನು ಹೇಳಬೇಕಿತ್ತು.