ಶಂಕ್ರವ್ವನ ಎಡಗಾಲಿನ ಚೀಲ

ಇಳಕಲ್ಲಿನಲ್ಲಿ ಬೇಸಿಗೆಯ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕಾಯಿಸಿದಂಥ ನೀರೇ ಬರುತ್ತದೆ. ಅಂಥ ಊರಿನ ಕಟ್ಟೆಯ ಮೇಲೆ ಕುಳಿತು ನಾನು ಕಾಲುಚೀಲ ಹೆಣೆಯುತ್ತಿದ್ದೆ. ದಾರಿಯಲ್ಲಿ ಹೋಗುವ ಹೆಂಗಸರು ನಿಂತು, "ಮಡಿಕೇರ್ಯಾಕಿಗೆ ನೆತ್ತಿ ಕಾದೈತಿ" ಎಂದು ನಗುತ್ತಿದ್ದರು.

ನಮ್ಮ ಮಡಿಕೇರಿಯಲ್ಲಿ ಹೆಣೆಯುವುದು ಚಳಿಗೆ. ಇಲ್ಲಿ ನಾನು ಹೆಣೆಯುತ್ತಿದ್ದುದು ಶಂಕ್ರವ್ವನ ಕಾಲು ಉಳಿಯಲಿ ಎಂದು.

ಗಂಡನಿಗೆ ಇಲ್ಲಿನ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ನಾವು ಬಾಡಿಗೆಗೆ ಬಂದದ್ದು ಅವರ ಮನೆಗೆ. ಮೊದಲ ದಿನ "ಸ್ವಲ್ಪ ನೀರು ಸಿಗಬಹುದೇ?" ಅಂದೆ. "ಯವ್ವಾ, ಕೋರ್ಟಿನಾಗ ನಿಂತಂಗ ಮಾತಾಡ್ತಿ. ನೀರ ಕೊಡ್ರಿ ಅನ್ನು, ಸಾಕು" ಅಂದರು. ಮಾತಾಡಲು ಯಾರೂ ಇಲ್ಲದ ಆ ತಿಂಗಳುಗಳಲ್ಲಿ ನನಗೆ ರೊಟ್ಟಿ ಬಡಿಯಲು ಕಲಿಸಿದವರೂ ಅವರೇ.

ಶಂಕ್ರವ್ವ ಸೀರೆ ನೇಯುವವರು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಬರಿಗಾಲಿನಿಂದ ಹಲಗೆ ತುಳಿಯುತ್ತಾ ಮಗ್ಗ ನಡೆಸಬೇಕು. ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮು ಹಿಡಿದು, ಎಡಗಾಲಿನ ಎರಡು ಬೆರಳು ಆಗಲೇ ಹೋಗಿದ್ದವು. ಇನ್ನೊಂದು ಗಾಯವಾದರೆ ಕಾಲೇ ಉಳಿಯದು, ಬೂಟು ಹಾಕದೆ ಮಗ್ಗಕ್ಕೆ ಕೂಡಬೇಡಿ ಎಂದಿದ್ದರು ಬಾಗಲಕೋಟೆಯ ವೈದ್ಯರು. ಮೆತ್ತನೆಯ ಬೂಟು ಬಂತು. ಆದರೆ ಅಂಗಡಿಯ ಕಾಲುಚೀಲ, ಇಲ್ಲದ ಬೆರಳುಗಳ ಜಾಗದಲ್ಲಿ ಮುದ್ದೆಯಾಗಿ ಒತ್ತುತ್ತಿತ್ತು. ಚೀಲವಿಲ್ಲದೆ ಬೂಟು ಹಾಕುವಂತಿರಲಿಲ್ಲ.

ಮಗ್ಗದ ಬಿಳಿ ನೂಲನ್ನೇ ಹಲವು ಎಳೆ ಸೇರಿಸಿ ಹುರಿಮಾಡಿಕೊಂಡೆ.

"ಬಿಳೀದ ಯಾಕವಾ?"

"ರಕ್ತ ಬಂದರೆ ಕಾಣಬೇಕಲ್ಲ, ಅವ್ವಾರೆ."

ಹುರಿಯನ್ನು ಬೆರಳಲ್ಲಿ ತೀಡಿ ನೋಡಿದರು. "ಮ್ಯಾಲಾದ್ರೂ ಸೀರಿ ಅಂಚಿನಂಗ ಒಂದು ಕೆಂಪು ದಡಿ ಇಡು. ದಡಿ ಇಲ್ಲದ್ದು ನಮ್ಮ ಮನ್ಯಾಗ ಹುಟ್ಟೂದಿಲ್ಲ."

ಮೊದಲ ಚೀಲ ಸಡಿಲವಾಯಿತು. ಉಣ್ಣೆ ತಾನೇ ಕಾಲಿಗೆ ಕೂತುಕೊಳ್ಳುತ್ತದೆ, ಹತ್ತಿ ಜೋಲುತ್ತದೆ. ಅಂಗಾಲಿನಡಿ ಮಡಿಕೆ ಬಿತ್ತು. ಬಿಚ್ಚಿದೆ. ಎರಡನೆಯದರ ಬಾಯಿ ಬಿಗಿ. "ಒತ್ತುತ್ತಾ?" ಅಂದೆ.

"ನನ್ನ ಏನ್ ಕೇಳ್ತಿ? ಕಾಲಿಗೆ ಕೇಳು."

ಅಂದಿನಿಂದ ಚೀಲದೊಳಗೆ ನನ್ನ ಬೆರಳು ತೂರಿಸಿ ಬಿಗಿ ನೋಡತೊಡಗಿದೆ. ಮತ್ತೆ ಬಿಚ್ಚಿ, ಮುಂಭಾಗವನ್ನು ಅವರ ಪಾದದ ಹಾಗೆಯೇ ಓರೆಯಾಗಿ ಮುಗಿಸಿದಾಗ ಒಂದು ಸುಕ್ಕೂ ಇಲ್ಲದೆ ಕೂತಿತು.

ಶಂಕ್ರವ್ವ ಅದನ್ನು ಸವರಿ, ಮಡಚಿ, ಸೀರೆಯ ಟ್ರಂಕಿನಲ್ಲಿಟ್ಟರು. ಈ ಮನೆಯಲ್ಲಿ ಹೊಸದೇನಿದ್ದರೂ ಮೊದಲು ಚೊಳಚಗುಡ್ಡದ ಬನಶಂಕರಿಯ ಮುಂದಿಟ್ಟು ಆಮೇಲೆ ಮೈಗೆ.

"ಈಗಲೇ ಹಾಕ್ಕೊಳ್ಳಿ" ಅಂದೆ.

"ಒಂಟಿ ಚೀಲ ತಾಯಿ ಮುಂದ ಹೆಂಗಿಡ್ಲಿ? ಜೋಡಿ ಆಗ್ಲಿ ತಡಿ."

ಬಲಗಾಲಿನದು ಹಿಮ್ಮಡಿಯವರೆಗೆ ಬಂದಿತ್ತು. ಊಟಕ್ಕೆಂದು ಮಗ್ಗದ ಸದ್ದು ನಿಂತಿತು. ಕುಣಿಯಿಂದೆದ್ದು ಅಡಿಗೆಮನೆಗೆ ಹೋದ ಶಂಕ್ರವ್ವ ಹಿಂದಿರುಗಿ ನೆಲ ನೋಡಿ ಗದರಿದರು: "ಇಲ್ಲಿ ಯಾರಲೇ ಎಲಿ-ಅಡಿಕಿ ಉಗುಳ್ಯಾರ?"

ಕೆಂಪು ಕಲೆಗಳು ಅವರ ಎಡಗಾಲಿನ ಹಿಂದೆಯೇ ಬಂದಿದ್ದವು. ಅವರು ಬರಿಗಾಲಲ್ಲೇ ತುಳಿಯುತ್ತಿದ್ದ ಹಲಗೆಯ ಮೊಳೆ ಮೇಲೆದ್ದಿತ್ತು.

ಗಾಯ ಮಾಯಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಮನೆಗೆ ಬಂದ ಮೇಲೆ ಟ್ರಂಕು ತೆಗೆಸಿ, ಎಡಗಾಲಿನ ಚೀಲ ನನ್ನ ಮಡಿಲಿಗೆ ಹಾಕಿದರು. "ಬಿಚ್ಚು. ಈ ಮೋಟಕ್ಕ ಒಂದು ಕುಲಾಯಿ ಹೆಣಿ. ಹಿಮ್ಮಡ ಇಲ್ಲ, ನಿನಗೂ ಸಲೀಸ." ಬಿಚ್ಚಿದ ನೂಲು ಹಳೆಯ ಕುಣಿಕೆಗಳ ಡೊಂಕು ಬಿಡದೆ ನನ್ನ ಕೈಯಲ್ಲಿ ಸುರುಳಿಗಟ್ಟಿತು.

ಈಗ ಗಂಡನಿಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿದೆ. ಫೋನಿನಲ್ಲಿ ಅಮ್ಮ, ಬೇಗ ಹೊರಟು ಬಾ, ಅಲ್ಲಿಂದ ಮನೆ ಹತ್ತಿರ ಅನ್ನುತ್ತಾಳೆ. ಮೊನ್ನೆ ಅವಳಿಗೆ "ನೋಡ್ತೇನಿ ತಡಿ" ಅಂದುಬಿಟ್ಟೆ. "ಅದ್ಯಾವ ಊರಿನ ಮಾತೇ?" ಅಂದಳು ಅಮ್ಮ.

ಬೆಳಿಗ್ಗೆ ಶಂಕ್ರವ್ವ ಬಲಗಾಲು ಚಾಚುತ್ತಾರೆ. ಕೆಂಪು ದಡಿಯ ಚೀಲ ಏರಿಸಿ, ಒಳಗೆ ಬೆರಳು ತೂರಿಸಿ ಬಿಗಿ ನೋಡುತ್ತೇನೆ.

"ನಿಮ್ಮೂರಿಗೆ ಯಾವಾಗ ಹೋಗಾಕಿ?" ಅನ್ನುತ್ತಾರೆ.

"ನನ್ನ ಏನ್ ಕೇಳ್ತೀರಿ? ಕಾಲಿಗೆ ಕೇಳ್ರಿ."