ಅತ್ತಿಗೆಯ ಕೈಗುಣ

ನಮ್ಮ ಮನೆಯ ಎಂಟು ಮಗ್ಗಗಳೂ ಕೊಯಮತ್ತೂರಿನ ಒಂದೇ ಬೀದಿಯಲ್ಲಿದ್ದವು. ಮೂವತ್ತರ ದಶಕದ ಮೊದಲಲ್ಲಿ ಒಂದು ವರ್ಷ ಆ ಬೀದಿಗೆ ಪ್ಲೇಗು ಬಂತು. ಜನರೆಲ್ಲ ಊರಾಚೆ ಗುಡಿಸಲು ಹಾಕಿಕೊಂಡು ಕೂತರು. ಎಂಟೂ ಮಗ್ಗ ಒಟ್ಟಿಗೆ ನಿಂತವು, ನಮ್ಮ ಸೀರೆ ಕೊಳ್ಳುತ್ತಿದ್ದ ವ್ಯಾಪಾರಿ ಬೇರೆ ನೇಕಾರರನ್ನು ಹುಡುಕಿಕೊಂಡ. ಅಣ್ಣ ಆಗಲೇ ತೀರ್ಮಾನಿಸಿದ: ಇನ್ನು ಮೇಲೆ ಎಲ್ಲ ಮಗ್ಗ ಒಂದೇ ಕಡೆ ಇರಕೂಡದು. ನಾಲ್ಕು ಇಲ್ಲಿ, ನಾಲ್ಕು ಬೇರೆ ಊರಲ್ಲಿ. ಒಂದು ಕಡೆ ನಿಂತರೂ ಇನ್ನೊಂದು ಕಡೆಯಿಂದ ಒಲೆ ಉರಿಯುತ್ತದೆ.

ಎರಡು ಜಾಗ ನೋಡಿದ್ದ. ಕಿಣತ್ತುಕಡವಿನಲ್ಲಿ ದಿಬ್ಬದ ಮೇಲೊಂದು ಹಳೇ ಮನೆ. ಗೋಡೆ ಗಟ್ಟಿ, ಪೇಟೆ ದೂರ. ತಿರುಪ್ಪೂರಿನಲ್ಲಿ ನೊಯ್ಯಲ್ ಹೊಳೆಯ ದಡದಲ್ಲೊಂದು ಕೊಟ್ಟಿಗೆ. ನೂಲು ಹತ್ತಿರ, ರೈಲು ಹತ್ತಿರ, ಹೊಳೆ ಇನ್ನೂ ಹತ್ತಿರ. ಯಾವುದಾದರೂ ಸರಿ, ಅಲ್ಲಿ ಹೋಗಿ ಇರಬೇಕಾದವನು ಮದುವೆಯಾಗದ ನಾನು. ಕಿಣತ್ತುಕಡವೆಂದರೆ ಸುತ್ತ ಕಡಲೆಕಾಯಿ ಹೊಲ, ಮಾತಾಡಲು ಎಮ್ಮೆ. ತಿರುಪ್ಪೂರಿನಲ್ಲಾದರೆ ಟೆಂಟು ಸಿನಿಮಾ ಇತ್ತು. ನನ್ನ ವ್ಯಾಪಾರಬುದ್ಧಿ ಇಷ್ಟೇ.

ಅಣ್ಣನಿಗೆ ದಿಬ್ಬದ ಮೇಲೇ ಮನಸ್ಸು. ನಾನು ವಾದ ಮಾಡಿ ಮಾಡಿ ಅವನ ತಲೆ ತಿಂದೆ. ಕೊನೆಗೆ ಅವನು, "ಸಾಕು ಬಿಡಪ್ಪ, ಚೌಡಮ್ಮನ್ನೇ ಕೇಳಾಣ. ಪೂ ಇಟ್ಟು ನೋಡಾಣ" ಎಂದ.

ಹೆಣ್ಣು ತರುವುದಿರಲಿ, ಬಾವಿ ತೋಡುವುದಿರಲಿ, ನಮ್ಮವರು ಚೌಡಮ್ಮನ ಗುಡಿಯಲ್ಲಿ ಹೂ ಕೇಳದೆ ಮುಂದಡಿ ಇಡುತ್ತಿರಲಿಲ್ಲ. ಒಂದು ಎಲೆಯಲ್ಲಿ ಬಿಳಿ ಕಣಗಿಲೆ, ಇನ್ನೊಂದರಲ್ಲಿ ಕೆಂಪು. ಎರಡನ್ನೂ ಒಂದೇ ತರಹ ಪೊಟ್ಟಣ ಕಟ್ಟಿ ದೇವಿಯ ಮುಂದಿಟ್ಟು, ಒಬ್ಬರ ಕೈಲಿ ಒಂದನ್ನು ಎತ್ತಿಸುವುದು. ಉಳಿದದ್ದನ್ನು ಬಿಚ್ಚಬಾರದು, ಹಾಗೇ ಬಾವಿಗೆ ಹಾಕಬೇಕು. ಬಿಳಿ ಬಂದರೆ ತಿರುಪ್ಪೂರು, ಕೆಂಪು ಬಂದರೆ ಕಿಣತ್ತುಕಡವು ಎಂದು ಗೊತ್ತು ಮಾಡಿಕೊಂಡೆವು.

ಎತ್ತುವವಳು ಅತ್ತಿಗೆ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಅವಳ ಕೈಗುಣ ಬೀದಿಗೆಲ್ಲ ಗೊತ್ತಿತ್ತು. ಯಾರ ಮನೆಯ ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಯ ನೂಲು, ಏರಿಸಿದರೂ ಮೊದಲ ಎಳೆಗೆ ಗಂಟು ಹಾಕಲು ಅವಳಿಗೇ ಕರೆ. ಅವಳು ಮುಟ್ಟಿದ ನೂಲು ಕಡಿಯುವುದಿಲ್ಲ ಎಂದು ಮುದುಕರೂ ಹೇಳುತ್ತಿದ್ದರು. ಹೊರಡುವ ಮುಂಚೆ ಕೈಗೆ ಅರಿಸಿನ ಹಚ್ಚಿ ತೊಳೆದುಕೊಳ್ಳುತ್ತಿದ್ದಳು. ಅದೊಂದೇ ಅವಳ ಜಂಬ.

ಪೊಟ್ಟಣ ಕಟ್ಟಿದವನು ನಾನು. ಎರಡರಲ್ಲೂ ಬಿಳಿ ಹೂವನ್ನೇ ಇಟ್ಟೆ.

ಒಂದೂವರೆ ವರ್ಷ ತಿರುಪ್ಪೂರು ಚೆನ್ನಾಗಿಯೇ ನಡೆಯಿತು. ದೇವಿಗಿಂತ ನಾನೇ ಜಾಣ ಎಂದು ಒಳಗೊಳಗೇ ಬೀಗಿದೆ. ಆಮೇಲೆ ದೀಪಾವಳಿ ಬರುವ ಐಪ್ಪಸಿ ತಿಂಗಳಲ್ಲಿ ಒಂದು ದಿನ, ಊರಲ್ಲಿ ಹನಿ ಬೀಳದಿದ್ದರೂ ದೂರದ ಬೆಟ್ಟದಲ್ಲಿ ಸುರಿದ ಮಳೆಗೆ ಹೊಳೆ ಏರಿತು. ನಮ್ಮವು ಕಾಲನ್ನು ಗುಂಡಿಯಲ್ಲಿಳಿಸಿ ಕೂತು ನೇಯುವ ಮಗ್ಗಗಳು. ನೀರು ಮೊದಲು ಗುಂಡಿ ತುಂಬಿ, ಆಮೇಲೆ ಮಗ್ಗಗಳನ್ನೇ ಎತ್ತಿಕೊಂಡು ಹೋಯಿತು. ನಾನು ಆಗ ಟೆಂಟಿನಲ್ಲಿ ಕೂತಿದ್ದೆ. ಓಡಿ ಬಂದಾಗ ಕೊಟ್ಟಿಗೆಯ ಒಂದು ಗೋಡೆಯಷ್ಟೇ ನಿಂತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆ ಹೊಡೆತದ ಸಾಲಕ್ಕೆ ಕೊಯಮತ್ತೂರಿನ ನಾಲ್ಕರಲ್ಲೂ ಮೂರು ಮಗ್ಗ ಕೈಬಿಟ್ಟುಹೋದವು. ಅಣ್ಣ ಮಿಲ್ಲಿಗೆ ಕೂಲಿಗೆ ಸೇರಿದ. ನನ್ನನ್ನು ಯಾರೂ ಬೈಯಲಿಲ್ಲ. ದೇವಿಯನ್ನು ಬೈಯುವ ಧೈರ್ಯ ಯಾರಿಗೂ ಇರಲಿಲ್ಲ. ದೇವಿ ತಪ್ಪು ಹೇಳುವವಳಲ್ಲ, ಹಾಗಾದರೆ ಎತ್ತಿದ ಕೈಯಲ್ಲೇ ದೋಷ ಎಂದು ಬೀದಿ ತೀರ್ಪು ಕೊಟ್ಟಿತು. ಹೊಸ ಹಾಸಿನ ಕರೆ ಒಂದೊಂದಾಗಿ ನಿಂತಿತು. ಅಣ್ಣ ಅತ್ತಿಗೆಯನ್ನು ಬೈಯಲಿಲ್ಲ. ಆದರೆ ಉಳಿದ ಒಂದು ಮಗ್ಗಕ್ಕೆ ಹಾಸು ಏರಿಸಿದಾಗಲೆಲ್ಲ ಮೊದಲ ಗಂಟನ್ನು ತಾನೇ ಹಾಕಿಕೊಳ್ಳುತ್ತಿದ್ದ. ಅತ್ತಿಗೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಒಂದೇ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ, ಹೇಡಿ ನಾನು.

ಮಿಲ್ಲಿನ ಹತ್ತಿಧೂಳಿಗೆ ಅಣ್ಣನಿಗೆ ಕೆಮ್ಮು ಹಿಡಿಯಿತು. ಮೂರು ವರ್ಷಕ್ಕೆ ಹೋಗಿಬಿಟ್ಟ. ವರ್ಷದ ತಿಥಿ ಮುಗಿದ ಮಧ್ಯಾಹ್ನ ಅತ್ತಿಗೆ ಜಗಲಿಯಲ್ಲಿ ಕೂತು ಅಂಗೈ ನೋಡಿಕೊಳ್ಳುತ್ತ, "ಈ ಕೈ ತಾನೆ ಅವರನ್ನ ಮಿಲ್ಲಿಗೆ ಕಳಿಸಿದ್ದು, ತಮ್ಮಾ" ಎಂದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವಳು ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಹಾಗಾದರೂ ಆಗಲಿ ಎಂಬ ಆಸೆಯೂ ಇತ್ತು.

"ರೆಂಡೂ ಬಿಳೀದೇನಾ?" ಎಂದು ಕೇಳಿದಳು.

"ಹೂಂ ಅತ್ತಿಗೆ."

ಅಂಗೈಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು. ಈಗ ಆ ಕೈ ಶುದ್ಧವೆಂದು ಸಾರಿದರೂ ಗಂಡ ಸತ್ತವಳನ್ನು ಹೊಸ ಹಾಸು ಮುಟ್ಟಲು ಯಾರೂ ಕರೆಯುವುದಿಲ್ಲ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

"ಅವರಿರೋವಾಗ ಒಂದೇ ಒಂದು ತಡವೆ ಹೇಳಿದ್ದರೆ ಸಾಕಿತ್ತು, ತಮ್ಮಾ" ಎಂದಳು. "ಅವರು ನೇಯ್ದ ಕಡೇ ಸೀರೆಗಾದರೂ ಎನ್ನ ಕೈಲೇ ಗಂಟು ಹಾಕಿಸಿಕೊಳ್ತಿದ್ದರು."